ಸೌಟಿನ ಹಿಡಿಯ ಮೇಲಿನ ಹೆಸರು



ಇತ್ತೀಚೆಗೆ ನನಗೆ ಬರುವ ದೂರವಾಣಿ ಕರೆಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ. “ಮೇಷ್ಟ್ರೇ, ಅಜ್ಜಿಯ ಕಾಲದ ಬೆಳ್ಳಿಯ ಸೌಟು, ಉದ್ಧರಣೆ ಮನೆಯಲ್ಲಿದೆ. ಹಾಲ್‌ಮಾರ್ಕ್ ಇಲ್ಲ. ಅಂಗಡಿಯವರು ಅದನ್ನು ತೆಗೆದುಕೊಂಡು ಹೊಸದು ಕೊಡುತ್ತಾರಂತೆ. ಕೊಡಬಹುದೇ?” ೨೦೨೫ರಲ್ಲಿ ಬೆಳ್ಳಿಯ ಬೆಲೆ ಕಿಲೋಗ್ರಾಂಗೆ ಒಂದು ಲಕ್ಷ ರೂಪಾಯಿಯ ಗಡಿ ದಾಟಿದ ಮೇಲಂತೂ ಕೊಪ್ಪದಿಂದ, ಶೃಂಗೇರಿಯಿಂದ, ನರಸಿಂಹರಾಜಪುರದಿಂದ, ಅಷ್ಟೇ ಏಕೆ, ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮವರಿಂದಲೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ನನ್ನ ಅಭಿಪ್ರಾಯವನ್ನು ಇಲ್ಲಿಯೇ ಬರೆದುಬಿಡುತ್ತೇನೆ. ಕಷ್ಟಕ್ಕೆ ಮಾರುವುದಾದರೆ ಮಾರಿ, ಅದರಲ್ಲಿ ಸಂಕೋಚಪಡಬೇಕಾದುದು ಏನೂ ಇಲ್ಲ. ಆದರೆ ಹಾಲ್‌ಮಾರ್ಕ್ ಇಲ್ಲ ಎಂಬ ಒಂದೇ ಕಾರಣಕ್ಕೆ ಹಳೆಯ ಬೆಳ್ಳಿಯನ್ನು ಮೂಸೆಗೆ ಹಾಕಿಸಬೇಡಿ.

ನಾನು ಅಕ್ಕಸಾಲಿಗನಲ್ಲ, ವ್ಯಾಪಾರಿಯೂ ಅಲ್ಲ. ಹಳೆಯ ಚಮಚ, ಸೌಟುಗಳನ್ನು ಕೂಡಿಡುವ ಗೀಳು ಸುಮಾರು ಮೂವತ್ತು ವರ್ಷಗಳಿಂದ ಅಂಟಿಕೊಂಡಿದೆ. ಮೇಷ್ಟ್ರ ಸಂಬಳದಲ್ಲಿ ಇದು ದೊಡ್ಡ ಸಂಗ್ರಹವಾಗುವುದು ಸಾಧ್ಯವಿರಲಿಲ್ಲ. ಕರಗಿಸಲೆಂದು ಬಂದದ್ದನ್ನು ಪರಿಚಯದ ಆಚಾರಿಯವರಿಂದ ತೂಕದ ಬೆಲೆಗೆ, ಮೇಲೊಂದಿಷ್ಟು ಸೇರಿಸಿ ಕೊಂಡದ್ದೇ ಹೆಚ್ಚು. ಈಗ ನಲವತ್ತಕ್ಕೂ ಮೇಲಿವೆ. ಸಂಧ್ಯಾವಂದನೆಯ ಉದ್ಧರಣೆಗಳು ಅರ್ಧಕ್ಕಿಂತ ಹೆಚ್ಚು. ಅನ್ನದ ಮೇಲೆ ತುಪ್ಪ ಬಡಿಸುವ ಪುಟ್ಟ ಸೌಟುಗಳು, ಪಾಯಸದ ದೊಡ್ಡ ಸೌಟು ಎರಡು, ಹಸುಗೂಸಿಗೆ ಹಾಲು ಕುಡಿಸುವ ಒಳಲೆಗಳು ಕೆಲವು. ಉಳಿದವು ಕಾಫಿ ತೋಟದ ದೊರೆಗಳ ಬಂಗಲೆಗಳಿಂದ ಕೈಯಿಂದ ಕೈಗೆ ದಾಟಿ ಬಂದ ವಿಲಾಯತಿ ಚಮಚಗಳು.

ಮೊದಲು ಹಾಲ್‌ಮಾರ್ಕ್ ಎಂದರೇನೆಂದು ನೋಡೋಣ. ಹಾಲಿಗೂ ಇದಕ್ಕೂ ಸಂಬಂಧವಿಲ್ಲ; ಒಬ್ಬ ಶಿಷ್ಯ ಬಿಳುಪಿನ ಗುರುತು ಎಂದುಕೊಂಡಿದ್ದ! ಲಂಡನ್ನಿನ ಅಕ್ಕಸಾಲಿಗರ ಸಂಘದ ಭವನಕ್ಕೆ ಗೋಲ್ಡ್‌ಸ್ಮಿತ್ಸ್ ಹಾಲ್ ಎಂದು ಹೆಸರು. ಇಂಗ್ಲೆಂಡಿನಲ್ಲಿ ೧೩೦೦ರಲ್ಲಿಯೇ ರಾಜಾಜ್ಞೆಯ ಮೂಲಕ ಬೆಳ್ಳಿಯ ಶುದ್ಧತೆಯನ್ನು ಪರೀಕ್ಷಿಸಿ ಚಿರತೆಯ ತಲೆಯ ಮುದ್ರೆ ಒತ್ತುವ ಕ್ರಮ ಆರಂಭವಾಯಿತು. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಕುಶಲಕರ್ಮಿಗಳು ಮಾಲನ್ನು ಆ ಹಾಲ್‌ಗೆ ತಂದು ಮುದ್ರೆ ಹಾಕಿಸಿಕೊಳ್ಳಬೇಕಾಯಿತು. ಹೆಸರು ಬಂದದ್ದು ಅಲ್ಲಿಂದ. ನಡೆಯುತ್ತಿರುವ ಸಿಂಹವಿದ್ದರೆ ಸಾವಿರದಲ್ಲಿ ೯೨೫ ಭಾಗ ಬೆಳ್ಳಿ. ಚಿರತೆಯ ತಲೆ ಲಂಡನ್ನಿನದು, ಲಂಗರು ಬರ್ಮಿಂಗ್‌ಹ್ಯಾಮಿನದು, ಕಿರೀಟವು ೧೯೭೪ರವರೆಗೆ ಶೆಫೀಲ್ಡಿನದು. ಪಕ್ಕದಲ್ಲಿ ವರ್ಷವನ್ನು ಸೂಚಿಸುವ ಒಂದು ಅಕ್ಷರ ಮತ್ತು ತಯಾರಕನ ಹೆಸರಿನ ಮೊದಲಕ್ಷರಗಳು. ರಾಜನ ಅಥವಾ ರಾಣಿಯ ತಲೆಯೂ ಇದ್ದರೆ ಅದು ೧೭೮೪ರಿಂದ ೧೮೯೦ರ ನಡುವಿನದು. ತೆರಿಗೆ ಸಂದಾಯವಾಗಿದೆ ಎಂಬುದಕ್ಕೆ ಆ ಗುರುತು. ಭೂತಗನ್ನಡಿ ಹಿಡಿದು ಈ ಐದು ಗುರುತುಗಳನ್ನು ಓದುವುದು ಶಾಸನ ಓದಿದಷ್ಟೇ ಸಂತೋಷ ಕೊಡುತ್ತದೆ.

ನಮ್ಮ ದೇಶದಲ್ಲಿ ಬ್ರಿಟಿಷರು ಇಂತಹ ವ್ಯವಸ್ಥೆಯನ್ನು ತರಲೇ ಇಲ್ಲ. ಮದರಾಸಿನ ಪಿ. ಓರ್ ಅಂಡ್ ಸನ್ಸ್, ಬೆಂಗಳೂರಿನ ಬಾರ್ಟನ್‌ನಂತಹ ಕಂಪನಿಗಳು ತಮ್ಮ ತಮ್ಮ ಹೆಸರನ್ನು ಒತ್ತುತ್ತಿದ್ದವು. ಅದು ಅಂಗಡಿಯ ಮಾತೇ ಹೊರತು ಸರ್ಕಾರದ ಪರೀಕ್ಷೆಯಲ್ಲ. ಭಾರತೀಯ ಮಾನಕ ಬ್ಯೂರೋ ಬೆಳ್ಳಿಗೆ ಹಾಲ್‌ಮಾರ್ಕ್ ತಂದದ್ದು ೨೦೦೫ರಲ್ಲಿ. ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಬೆಳ್ಳಿಗೆ ಬಂದದ್ದು ೨೦೨೫ರ ಸೆಪ್ಟೆಂಬರ್ ೧ರಂದು, ಅದೂ ಐಚ್ಛಿಕವಾಗಿ. ಹೀಗಿರುವಾಗ ೧೯೨೦ರಲ್ಲಿಯೋ ೧೯೩೫ರಲ್ಲಿಯೋ ಕೊಪ್ಪದ ಆಚಾರಿ ತಟ್ಟಿ ಮಾಡಿದ ಸೌಟಿನ ಮೇಲೆ ಹಾಲ್‌ಮಾರ್ಕ್ ಹುಡುಕುವುದು, ಮುತ್ತಜ್ಜನ ಬಳಿ ಆಧಾರ್ ಕಾರ್ಡ್ ಕೇಳಿದ ಹಾಗೆ. ಗುರುತಿಲ್ಲ ಎಂದಾಕ್ಷಣ ಅದು ಕಳಪೆ ಬೆಳ್ಳಿ ಎನ್ನುವ ವ್ಯಾಪಾರಿ ಒಂದೋ ತಿಳಿಯದವನು, ಇಲ್ಲವೇ ಚೆನ್ನಾಗಿ ತಿಳಿದವನು.

ಹಾಗಾದರೆ ನಮ್ಮ ಹಿರಿಯರು ಶುದ್ಧತೆಯನ್ನು ಹೇಗೆ ನಂಬುತ್ತಿದ್ದರು? ಅವರ ಹಾಲ್‌ಮಾರ್ಕ್ ಎಂದರೆ ಬೆಳ್ಳಿ ರೂಪಾಯಿ. ಅಡಿಕೆ ಮಾರಿ ಬಂದ ರೂಪಾಯಿಗಳನ್ನು ಎಣಿಸಿ ಆಚಾರಿಯ ಕೈಗೆ ಕೊಡುವುದು, ತಮ್ಮೆದುರಿಗೇ ಕರಗಿಸುವಂತೆ ಹೇಳಿ ಜಗಲಿಯಲ್ಲಿ ಕುಳಿತುಕೊಳ್ಳುವುದು ರೂಢಿಯಾಗಿತ್ತು. ಆಚಾರಿ ಮೂಸೆ, ಊದುಗೊಳವೆಗಳೊಡನೆ ಮನೆಗೇ ಬಂದು ವಾರಗಟ್ಟಲೆ ಇದ್ದು ಕೆಲಸ ಮಾಡಿಕೊಡುತ್ತಿದ್ದುದನ್ನು ನನ್ನ ತಂದೆಯವರ ಬಾಯಿಂದ ಕೇಳಿದ್ದೇನೆ. ೧೮೩೫ರಿಂದ ೧೯೪೦ರವರೆಗಿನ ರೂಪಾಯಿ ನಾಣ್ಯ ಒಂದು ತೊಲ, ಎಂದರೆ ೧೧.೬೬ ಗ್ರಾಂ ತೂಕದ್ದು. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಭಾಗ ಬೆಳ್ಳಿ. ಶೇಕಡಾ ಲೆಕ್ಕದಲ್ಲಿ ೯೧.೭. ವಿಲಾಯತಿಯ ಸಿಂಹದ ಗುರುತಿಗಿಂತ ಕೂದಲೆಳೆಯಷ್ಟು ಕಡಿಮೆ, ಅಷ್ಟೆ. ೧೯೪೦ರಲ್ಲಿ ಯುದ್ಧದ ಕಾರಣ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು. ೧೯೪೭ರಲ್ಲಿ ರೂಪಾಯಿ ನಿಕಲ್ಲಿನದಾಯಿತು. ಆದುದರಿಂದ ಇಪ್ಪತ್ತು ರೂಪಾಯಿ ಕರಗಿಸಿ ಮಾಡಿದ ಸೌಟು ಎಂದು ನಿಮ್ಮ ಮನೆಯಲ್ಲಿ ಹೇಳಿಕೆಯಿದ್ದರೆ, ತೂಗಿ ನೋಡಿ. ೨೩೩ ಗ್ರಾಂ ಹತ್ತಿರ ಇರಬೇಕು, ಸವೆತದಿಂದ ಸ್ವಲ್ಪ ಕಡಿಮೆಯಾಗಿರಬಹುದು. ಹಳೆಯ ರೂಪಾಯಿಯದಾಗಿದ್ದರೆ ಅದರಲ್ಲಿ ಸುಮಾರು ೨೧೪ ಗ್ರಾಂ ಶುದ್ಧ ಬೆಳ್ಳಿ. ಹಿಡಿಯ ಬೆಸುಗೆಗೆ ಒಂದಿಷ್ಟು ಕಳೆಯಬೇಕು. ಅಂಗಡಿಯಲ್ಲಿ ಅರ್ಧಕ್ಕರ್ಧ ಕಳೆದು ಲೆಕ್ಕ ಹಾಕಿದರೆ ಎದ್ದು ಬನ್ನಿ.

ಅಕ್ಕಸಾಲಿಗರ ಕೈಚಳಕದ ಮೇಲಿನ ಅನುಮಾನ ನಮ್ಮಲ್ಲಿ ಹೊಸದೇನಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚಿನ್ನಬೆಳ್ಳಿಯ ಕೆಲಸದಲ್ಲಿ ಕದಿಯುವ ಉಪಾಯಗಳಿಗೆಂದೇ ಸಾಕಷ್ಟು ಜಾಗವಿದೆ. ಜಗಲಿಯಲ್ಲಿ ಕುಳಿತು ಕಾಯುತ್ತಿದ್ದ ಅಜ್ಜ ಅದನ್ನು ಓದಿರಲಿಲ್ಲ, ಓದುವ ಅಗತ್ಯವೂ ಇರಲಿಲ್ಲ.

ತೋಟದ ಬಂಗಲೆಯ ಚಮಚಗಳ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಜಯಪುರ, ಬಾಳೆಹೊನ್ನೂರು ಕಡೆಯ ಕೆಲವು ಮನೆಗಳಲ್ಲಿ ಅವನ್ನು ಬಹಳ ಭಕ್ತಿಯಿಂದ ಕಪಾಟಿನಲ್ಲಿಟ್ಟಿರುವುದನ್ನು ಕಂಡಿದ್ದೇನೆ. ಹಿಂಬದಿಯಲ್ಲಿ ಇಂಗ್ಲಿಷಿನ ಇ.ಪಿ.ಎನ್.ಎಸ್. ಎಂಬ ನಾಲ್ಕು ಅಕ್ಷರಗಳಿದ್ದರೆ ಅದು ಬೆಳ್ಳಿಯ ಲೇಪ ಮಾತ್ರ. ಒಳಗಿರುವುದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಣ. ಜರ್ಮನ್ ಸಿಲ್ವರ್ ಎಂಬುದೂ ಅದೇ ಮಿಶ್ರಣ, ಹೆಸರಿನಲ್ಲಷ್ಟೇ ಬೆಳ್ಳಿ. ಇಂತಹವುಗಳಿಗೆ ಊಟದ ಮೇಜಿನ ಮೇಲೆ ಗೌರವವಿರಲಿ, ಲಾಕರ್ ಬಾಡಿಗೆ ಕೊಡಬೇಕಾಗಿಲ್ಲ.

ಇನ್ನು ನನಗೆ ನಿಜವಾಗಿ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ನಮ್ಮ ಸೌಟುಗಳ ಹಿಡಿಯ ಹಿಂಬದಿಯನ್ನು ಎಂದಾದರೂ ವಿಭೂತಿಯಿಂದ ಉಜ್ಜಿ ಬೆಳಕಿಗೆ ಹಿಡಿದಿದ್ದೀರಾ? ಅಲ್ಲಿ ಚುಕ್ಕಿ ಚುಕ್ಕಿಯಾಗಿ ಉಳಿಯಿಂದ ಹೊಡೆದ ಅಕ್ಷರಗಳಿರುತ್ತವೆ. ಕೆಲವೊಮ್ಮೆ ಊರಿನ ಅಥವಾ ಮನೆಯ ಹೆಸರಿನ ಮೊದಲಕ್ಷರ, ಕೆಲವೊಮ್ಮೆ ತೂಕ, ಬಹಳಷ್ಟು ಸಲ ಒಬ್ಬ ಹೆಂಗಸಿನ ಹೆಸರು. ನನ್ನ ಬಳಿಯ ಒಂದು ಉದ್ಧರಣೆಯ ಮೇಲೆ ‘ಎಡೇಹಳ್ಳಿ’ ಎಂದಿದೆ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಪಡೆದು ನರಸಿಂಹರಾಜಪುರವಾಗುವ ಮೊದಲು ಆ ಊರಿಗಿದ್ದ ಹೆಸರು ಅದು. ಜನರ ಬಾಯಲ್ಲಿ ಹಳೆಯ ಹೆಸರು ಬಹುಕಾಲ ಉಳಿದದ್ದರಿಂದ ಇಷ್ಟರಿಂದಲೇ ಕಾಲ ನಿರ್ಣಯ ಮಾಡುವಂತಿಲ್ಲ. ಆದರೂ ಲಂಡನ್ನಿನ ವರ್ಷದ ಅಕ್ಷರಕ್ಕಿಂತ ಇದು ನನ್ನ ಮನಸ್ಸಿಗೆ ಹತ್ತಿರ.

ಹೆಂಗಸಿನ ಹೆಸರನ್ನು ಕೆತ್ತಿಸುತ್ತಿದ್ದುದು ಅಲಂಕಾರಕ್ಕಲ್ಲ. ತವರಿನಿಂದ ಬಂದ ಬೆಳ್ಳಿ ಸ್ತ್ರೀಧನ. ತೋಟ, ಗದ್ದೆ, ಮನೆ ಇವುಗಳ ಕಾಗದಪತ್ರಗಳಲ್ಲಿ ಹೆಂಗಸರ ಹೆಸರು ಕಾಣುತ್ತಿದ್ದುದು ಅಪರೂಪ. ಮೈಸೂರು ಸಂಸ್ಥಾನವು ೧೯೩೩ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ಜಾರಿಗೆ ತಂದು ಸ್ತ್ರೀಧನ ಯಾವುದು, ಅದರ ಮೇಲೆ ಯಾರಿಗೆ ಅಧಿಕಾರ ಎಂಬುದನ್ನು ಬರಹದಲ್ಲಿ ಸ್ಪಷ್ಟಪಡಿಸಿತು. ದೇಶಕ್ಕೆಲ್ಲ ಅನ್ವಯವಾಗುವ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದದ್ದು ೧೯೫೬ರಲ್ಲಿ. ಅದಕ್ಕೂ ಮೊದಲು, ಕೂಡುಕುಟುಂಬದ ಇಪ್ಪತ್ತು ಮೂವತ್ತು ಜನರ ನಡುವೆ, ಇದು ನನ್ನದು ಎಂದು ಒಬ್ಬ ಸೊಸೆ ತೋರಿಸಬಹುದಾಗಿದ್ದ ದಾಖಲೆ ಎಂದರೆ ಆ ಹಿಡಿಯ ಮೇಲಿನ ನಾಲ್ಕಾರು ಚುಕ್ಕಿ ಅಕ್ಷರಗಳು. ಹಿಸ್ಸೆಯಾಗುವಾಗ ಬೆಳ್ಳಿಯ ಪೆಟ್ಟಿಗೆ ತೆಗೆದು ಹೆಸರು ಓದಿ ಬೇರೆ ಬೇರೆ ಇಟ್ಟದ್ದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ಸಹಿ ಮಾಡಲು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದ ನನ್ನ ಅಜ್ಜಿಯ ತಾಯಿಯ ಹೆಸರು ಇಂದು ಈ ಪ್ರಪಂಚದಲ್ಲಿ ಬರಹದ ರೂಪದಲ್ಲಿ ಇರುವುದು ಒಂದು ತುಪ್ಪದ ಸೌಟಿನ ಮೇಲೆ ಮಾತ್ರ. ಫೋಟೋ ಇಲ್ಲ, ಪತ್ರವಿಲ್ಲ. ಅದನ್ನು ಕರಗಿಸಿ, ಯಂತ್ರದಲ್ಲಿ ಒತ್ತಿದ ಹಗುರವಾದ ದೀಪದ ಜೋಡಿಯನ್ನು ತಂದರೆ ಶುದ್ಧತೆಯ ಸಂಖ್ಯೆ ಸಿಕ್ಕೀತು. ಆ ಹೆಸರು ಮರಳಿ ಬರುವುದಿಲ್ಲ.

ದೊಡ್ಡ ಸಂಸ್ಥೆಗಳಿಗೆ ಈ ಚಿಂತೆಯಿಲ್ಲ. ಶೃಂಗೇರಿ ಮಠದಲ್ಲಿ ಕಡತಗಳಿವೆ. ಬಟ್ಟೆಗೆ ಇದ್ದಿಲು, ಹುಣಿಸೆಬೀಜದ ಸರಿ ಬಳಿದು ಬಳಪದಿಂದ ಬರೆದ ಲೆಕ್ಕಪತ್ರಗಳವು. ೧೭೯೧ರ ಮರಾಠಾ ದಾಳಿಯ ನಂತರ ಟಿಪ್ಪು ಸುಲ್ತಾನನು ಮಠಕ್ಕೆ ಬರೆದ ಕನ್ನಡ ಪತ್ರಗಳನ್ನು ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರು ಅಲ್ಲಿಯೇ ಗುರುತಿಸಿ ಬೆಳಕಿಗೆ ತಂದರು. ಯಾರು ಏನನ್ನು ಏಕೆ ಕೊಟ್ಟರೆಂಬುದು ಕಾಗದದಲ್ಲಿದೆ. ನಮ್ಮ ನಿಮ್ಮಂಥವರ ಮನೆಗಳಿಗೆ ಕಡತವೆಲ್ಲಿಯದು? ಪಾತ್ರೆಯೇ ಕಡತ.

ಮಾರುವವರನ್ನು ನಾನು ದೂಷಿಸುತ್ತಿದ್ದೇನೆಂದು ಯಾರೂ ಭಾವಿಸಬಾರದು. ಹಳದಿ ಎಲೆ ರೋಗ ಈ ಮೂರು ತಾಲ್ಲೂಕುಗಳ ತೋಟಗಳನ್ನು ಏನು ಮಾಡಿದೆಯೆಂದು ಬಲ್ಲವನು ನಾನು. ಈಗ ಅದರ ಮೇಲೆ ಎಲೆಚುಕ್ಕಿ ರೋಗವೂ ಸೇರಿದೆ. ವರ್ಷಕ್ಕೆ ಇಷ್ಟು ಕ್ವಿಂಟಾಲ್ ಎಂದು ಹೆಮ್ಮೆಯಿಂದ ಹೇಳುತ್ತಿದ್ದ ಮನೆಗಳಲ್ಲಿ ಮಗಳ ಕಾಲೇಜಿನ ಶುಲ್ಕಕ್ಕೆ ಬೆಳ್ಳಿಯ ತಟ್ಟೆ ಹೊರಬಿದ್ದಿದೆ. ಸ್ತ್ರೀಧನ ಇರುವುದೇ ಆಪತ್ಕಾಲಕ್ಕೆ. ಹೆಸರು ಕೆತ್ತಿಸಿಕೊಂಡ ಆ ಅಜ್ಜಿಯೇ ಇದ್ದಿದ್ದರೂ ಮೊಮ್ಮಗಳ ಓದಿಗೆ ತಾನೇ ತೆಗೆದು ಕೊಡುತ್ತಿದ್ದಳು. ನನ್ನ ತಕರಾರು ಇರುವುದು ತೊಂದರೆಯಿಲ್ಲದವರ ಬಗ್ಗೆ. ಗೃಹಪ್ರವೇಶದ ದಿನ ಬೆಳ್ಳಿ ಫಳಫಳ ಹೊಳೆಯಬೇಕು ಎಂಬುದಕ್ಕಾಗಿ ಹಳೆಯದನ್ನು ವಿನಿಮಯ ಮಾಡುವವರ ಬಗ್ಗೆ.

ಮಾರಲೇಬೇಕಾದಾಗ ಹೀಗೆ ಮಾಡಿ. ಮನೆಯಲ್ಲಿಯೇ ತೂಗಿ ಬರೆದಿಟ್ಟುಕೊಳ್ಳಿ. ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಎಕ್ಸ್‌ರೇ ಯಂತ್ರದಿಂದ ಲೋಹವನ್ನು ಕತ್ತರಿಸದೆಯೇ ಶುದ್ಧತೆ ನೋಡುತ್ತಾರೆ. ಅದು ಮೇಲ್ಪದರವನ್ನಷ್ಟೇ ಓದುವುದರಿಂದ ಎರಡು ಮೂರು ಕಡೆ, ಸವೆದ ಭಾಗದಲ್ಲಿಯೂ ನೋಡಲು ಹೇಳಿ. ಒಂದೇ ಒಂದು ವಸ್ತುವನ್ನು ಉಳಿಸಿಕೊಳ್ಳಲು ಸಾಧ್ಯವಿದ್ದರೆ ತೂಕದ್ದನ್ನು ಬಿಟ್ಟು ಹೆಸರಿರುವುದನ್ನು ಉಳಿಸಿಕೊಳ್ಳಿ. ಉದ್ಧರಣೆಯೊಂದರ ತೂಕ ಎರಡು ಮೂರು ತೊಲ ಮೀರುವುದು ಕಡಿಮೆ. ಅದರಿಂದ ಯಾವ ಸಾಲವೂ ತೀರುವುದಿಲ್ಲ.

ಅಮೆರಿಕ, ಆಸ್ಟ್ರೇಲಿಯಾಗಳಲ್ಲಿರುವ ಮಕ್ಕಳಿಗೆ ಇನ್ನೊಂದು ಸೂಚನೆ. ೧೯೭೨ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ, ಕರಕುಶಲ ವಸ್ತುಗಳು ಪುರಾವಸ್ತುಗಳೆನಿಸುತ್ತವೆ; ಅಂಥವನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಒಯ್ಯುವಂತಿಲ್ಲ. ಮುತ್ತಜ್ಜಿಯ ಒಳಲೆಯನ್ನು ಸೂಟ್‌ಕೇಸಿಗೆ ಹಾಕುವ ಮೊದಲು ಅದರ ವಯಸ್ಸನ್ನು ವಿಚಾರಿಸಿ. ಅನುಮಾನವಿದ್ದರೆ ಪುರಾತತ್ವ ಇಲಾಖೆಯಲ್ಲಿ ತೋರಿಸಿ, ಪುರಾವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆಯುವ ದಾರಿಯಿದೆ.

ಹಿಡಿಯ ಮೇಲಿನ ಅಕ್ಷರ ಓದಲು ಆಗದಿದ್ದರೆ ಕಾಗದವನ್ನು ಅದರ ಮೇಲಿಟ್ಟು ಮೆತ್ತನೆಯ ಪೆನ್ಸಿಲ್ಲಿನಿಂದ ಉಜ್ಜಿ, ಅಚ್ಚು ಮೂಡುತ್ತದೆ. ಆ ಕಾಗದದ ಚಿತ್ರವನ್ನು ನನಗೆ ಕಳುಹಿಸಿ. ಒತ್ತಕ್ಷರವನ್ನು ಪಕ್ಕಕ್ಕೆ ಬರೆಯುವುದು, ದೀರ್ಘವನ್ನು ಬಿಟ್ಟುಬಿಡುವುದು ಆಚಾರಿಗಳ ಅಭ್ಯಾಸ. ನಾಲ್ಕನೆಯ ತರಗತಿಯ ಕಾಪಿ ಪುಸ್ತಕಗಳನ್ನು ಮೂವತ್ತೈದು ವರ್ಷ ತಿದ್ದಿದವನಿಗೆ ಅದನ್ನು ಓದುವುದು ಅಷ್ಟೇನೂ ಕಷ್ಟವಲ್ಲ.