‘ಇತರೆ ಖರ್ಚು’ ಮತ್ತು ಏಳು ದಿನಗಳು

ಗದಗ-ಬೆಟಗೇರಿಯ ಮುದ್ರಣಾಲಯವಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ದಲಾಲಿ ಅಂಗಡಿಯಿರಲಿ, ಕೊಟ್ಟ ಲಂಚವು ಕಿರ್ದಿಯಲ್ಲಿ ‘ಇತರೆ ಖರ್ಚು’ ಎಂದು ಅಡಗುವುದುಂಟು. ಕೊಟ್ಟವನು ನಿರುಪಾಯನೆಂದು ಸಮಾಜ ಕನಿಕರಿಸುತ್ತದೆ, ಕಾನೂನು ಹಾಗೆಣಿಸದು. 2018ರ ಜುಲೈ 26ರಂದು ಜಾರಿಯಾದ ಭ್ರಷ್ಟಾಚಾರ ತಡೆ ಕಾಯ್ದೆಯ ತಿದ್ದುಪಡಿಯಂತೆ ಲಂಚ ಕೊಡುವವನಿಗೂ ಏಳು ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಒತ್ತಾಯಕ್ಕೆ ಮಣಿದು ಕೊಟ್ಟವನು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ರಕ್ಷಣೆಯುಂಟು. ಆದಾಯ ತೆರಿಗೆಯಲ್ಲಿಯೂ ಈ ವೆಚ್ಚಕ್ಕೆ ಮಾನ್ಯತೆಯಿಲ್ಲ. (ಲಂಚದ ಮೇಲೆ ತೆರಿಗೆಯನ್ನೂ ತೆರಬೇಕು!)

2022ರಲ್ಲಿ ಉಚ್ಚ ನ್ಯಾಯಾಲಯವು ಭ್ರಷ್ಟಾಚಾರ ನಿಗ್ರಹ ದಳವನ್ನು ರದ್ದುಪಡಿಸಿದ ಬಳಿಕ ಇಂತಹ ದೂರುಗಳ ತನಿಖೆ ಲೋಕಾಯುಕ್ತ ಪೊಲೀಸರಿಗೆ ಮರಳಿದೆ. ಆದರೆ ದೂರಿತ್ತ ವರ್ತಕನು ಪರವಾನಗಿ ನವೀಕರಣಕ್ಕೆ ಮತ್ತೆ ಅದೇ ಮೇಜಿನ ಮುಂದೆ ನಿಲ್ಲಬೇಕಲ್ಲವೇ? ಈ ಅಂಜಿಕೆ ಸಹಜವಾದುದು. ಒಬ್ಬನೇ ಹೋದರೆ ಅದು ಅವನ ಜಗಳ. ನೆರೆಯ ಅಂಗಡಿಕಾರರೂ ಗಿರಾಕಿಗಳೂ ಜೊತೆಗೆ ನಡೆದರೆ ಊರಿನ ದೂರು. ಹಣ ಕೈ ಬಿಡುವ ಮುನ್ನವೇ, ಕೇಳಿದ ದಿನವೇ ಹೊರಡುವುದು ಲೇಸು.