ಬಟ್ಟೆಯೊಳಗಿನ ಪಿಸ್ತೂಲು

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಕಳೆದ ಆಗಸ್ಟ್ ತಿಂಗಳಿನಲ್ಲಿ ನಮ್ಮ ಕಾಲೇಜಿನ ಚರ್ಚಾಸಂಘದವರು ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ನಾನು ಮಾತನಾಡಿದ್ದನ್ನು ಕೆಲವು ಮಿತ್ರರಾದರೂ ಮರೆತಿರಲಾರರು. “ಆತ್ಮರಕ್ಷಣೆಗಾಗಿ ಆಯುಧ ಧರಿಸುವುದು ನಾಗರಿಕರ ಹಕ್ಕು” ಎಂಬುದು ಅಂದಿನ ವಿಷಯ. ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ಪರವಾದ ಪಕ್ಷ. ಅಮೆರಿಕದ ಹೆಂಗಸರು ಅಂಗಿಯ ಮರೆಯಲ್ಲಿ ಪಿಸ್ತೂಲಿಟ್ಟುಕೊಂಡು ನಿರ್ಭಯವಾಗಿ ತಿರುಗುತ್ತಾರೆಂದೂ, ನಮಗೇಕೆ ಆ ಭಾಗ್ಯವಿಲ್ಲವೆಂದೂ ಮೇಜು ಗುದ್ದಿ ಕೇಳಿದೆ. ಸಭಿಕರು ಚಪ್ಪಾಳೆ ತಟ್ಟಿದರು; ಎರಡನೆಯ ಬಹುಮಾನವೂ ಬಂದಿತು. ಈಗ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ಅಂದು ಹೇಳಿದ್ದನ್ನು ಹಿಂತೆಗೆದುಕೊಳ್ಳುವುದೇ ನ್ಯಾಯವೆಂದು ನನಗೆ ತೋರಿತು. ಅದೇಕೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಅಂದು ಆಡಿದ್ದೆಲ್ಲವೂ ಬಹುಮಾನಕ್ಕಾಗಿ ಆಡಿದ ಮಾತೆಂದು ಯಾರೂ ತಿಳಿಯಬಾರದು. ನಮ್ಮೂರಿನ ಕಡೆಗೆ ಸಂಜೆ ಬರುವ ಬಸ್ಸು ನಮ್ಮನ್ನು ಹೆದ್ದಾರಿಯಲ್ಲಿಯೇ ಇಳಿಸಿ ಹೋಗುತ್ತದೆ. ಅಲ್ಲಿಂದ ಊರಿಗೆ ಎರಡು ಕಿಲೋಮೀಟರು. ದಾರಿಯಲ್ಲಿ ಒಂದು ದೀಪವೂ ಇಲ್ಲ. ಬಸ್ಸು ತಡವಾದ ಒಂದು ದಿನ ಇಬ್ಬರು ಮೋಟಾರು ಸೈಕಲ್ಲಿನ ಮೇಲೆ ನಿಧಾನವಾಗಿ ನನ್ನ ಹಿಂದೆಯೇ ಊರ ಬಾಗಿಲವರೆಗೂ ಬಂದರು. ಅವರು ಏನನ್ನೂ ಮಾಡಲಿಲ್ಲ; ನಕ್ಕರು, ಅಷ್ಟೆ. ಆದರೆ ಕೈಯಲ್ಲಿದ್ದ ಕೊಡೆಯನ್ನು ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ, ಮನೆಗೆ ಬಂದ ಮೇಲೆ ಅಮ್ಮ ಅದನ್ನು ಬಿಡಿಸಿಕೊಳ್ಳಬೇಕಾಯಿತು. ಆ ಹೊತ್ತಿನಲ್ಲಿ ಯಾರಾದರೂ ಒಂದು ಪಿಸ್ತೂಲು ಕೊಟ್ಟಿದ್ದರೆ ಬೇಡವೆನ್ನುತ್ತಿದ್ದೆನೆ? ಖಂಡಿತ ಇಲ್ಲ. ಆದ್ದರಿಂದ ಆಯುಧ ಬೇಕೆನ್ನುವವರನ್ನು ಕ್ರೂರಿಗಳೆಂದು ತಳ್ಳಿಹಾಕುವ ಅಧಿಕಾರ ನನಗಿಲ್ಲ. ಅವರೂ ಇಂಥ ಒಂದು ದಾರಿಯಲ್ಲಿ ನಡೆದವರೇ ಇರಬಹುದು.

ನಮ್ಮ ದೇಶದಲ್ಲಿಯೂ ಈ ಭಯವನ್ನು ಕಂಡವರಿದ್ದಾರೆ. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರ ಕೃತ್ಯದ ತರುವಾಯ, 2014ರಲ್ಲಿ ಕಾನ್ಪುರದ ಸರಕಾರಿ ಆಯುಧ ಕಾರ್ಖಾನೆಯವರು ‘ನಿರ್ಭೀಕ್’ ಎಂಬ ಹೆಸರಿನ ಪುಟ್ಟ ರಿವಾಲ್ವರನ್ನು ಹೊರತಂದರು. ತೂಕ ಸುಮಾರು ಅರ್ಧ ಕಿಲೋ. ಹೆಂಗಸರ ಕೈಚೀಲಕ್ಕೆ ಹಿಡಿಸುವಂಥದು. ಬೆಲೆ ಮಾತ್ರ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿಗೂ ಹೆಚ್ಚು. ರಾತ್ರಿ ದೀಪವಿಲ್ಲದ ದಾರಿಯಲ್ಲಿ ನಡೆದುಹೋಗುವವಳಿಗೂ ಆ ಬೆಲೆಗೂ ಎಲ್ಲಿಯ ನಂಟು? ಅದನ್ನು ಕೊಳ್ಳಬಲ್ಲವಳು ಬಹುಶಃ ಕಾರಿನಲ್ಲಿಯೇ ಹೋಗುತ್ತಿರುತ್ತಾಳೆ.

ಅಮೆರಿಕದಲ್ಲಾದರೋ ವಿಷಯವೇ ಬೇರೆ. ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿಕೊಂಡು ಸಂತೆಪೇಟೆ ತಿರುಗುವುದು ಅಲ್ಲಿ ದಿನನಿತ್ಯದ ಸಂಗತಿ. ಫ್ಲಾರಿಡಾ ರಾಜ್ಯವು 1987ರಲ್ಲಿ, ಗೊತ್ತುಪಡಿಸಿದ ಅರ್ಹತೆಯುಳ್ಳವರಿಗೆಲ್ಲ ಅದಕ್ಕೆ ಲೈಸೆನ್ಸು ಕೊಡಲೇಬೇಕೆಂಬ ಕಾನೂನು ಮಾಡಿತು. ಅನೇಕ ರಾಜ್ಯಗಳು ಅದನ್ನೇ ಅನುಸರಿಸಿದುವು. 2024ರ ವೇಳೆಗೆ 29 ರಾಜ್ಯಗಳಲ್ಲಿ ಲೈಸೆನ್ಸೂ ಬೇಕಿಲ್ಲವೆಂದಾಯಿತು. ತಕ್ಕ ಕಾರಣ ತೋರಿಸಿದವರಿಗೆ ಮಾತ್ರ ಅನುಮತಿ ಕೊಡುತ್ತಿದ್ದ ನ್ಯೂಯಾರ್ಕಿನ ಹಳೆಯ ಕಾನೂನನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ರದ್ದುಮಾಡಿತು.

ಮರೆಮಾಡುವುದೂ ಅಲ್ಲಿ ಒಂದು ವಿದ್ಯೆಯೇ ಆಗಿದೆ. ಚಳಿಗಾಲದಲ್ಲಿ ದಪ್ಪ ಕೋಟು ಎಲ್ಲವನ್ನೂ ಮುಚ್ಚುತ್ತದೆ. ಕಷ್ಟವಿರುವುದು ಬೇಸಗೆಯ ತೆಳುಬಟ್ಟೆಯಲ್ಲಿ. ಅದಕ್ಕಾಗಿ ಷರಾಯಿಯ ಸೊಂಟಪಟ್ಟಿಯ ಒಳಮಗ್ಗುಲಿಗೆ ಸಿಕ್ಕಿಸುವ ಒರೆಗಳುಂಟು. ಭಾರಕ್ಕೆ ಜೋಲದ ಗಟ್ಟಿ ಬೆಲ್ಟುಗಳುಂಟು. ಅಂಗಿಯನ್ನು ಒಳಗೆ ಸೇರಿಸದೆ ಹೊರಗೆ ಬಿಡಬೇಕು. ಒಂದು ಅಳತೆ ದೊಡ್ಡದಾಗಿರಬೇಕು. ಹೂವಿನ ಚಿತ್ತಾರವಿದ್ದರೆ ಮತ್ತೂ ಒಳ್ಳೆಯದು. ಪಿಸ್ತೂಲಿನ ಆಕಾರ ಬಟ್ಟೆಯ ಮೇಲೆ ಎದ್ದು ಕಾಣುವುದಕ್ಕೆ ಅವರು ‘ಪ್ರಿಂಟಿಂಗ್’ ಎನ್ನುತ್ತಾರೆ. ಹಾಗಾಗಬಾರದೆಂದು ನೆಲದ ಮೇಲಿನ ವಸ್ತುವನ್ನು ಸೊಂಟ ಬಗ್ಗಿಸದೆ ಮಂಡಿ ಮಡಿಸಿ ಎತ್ತಿಕೊಳ್ಳುತ್ತಾರೆ. ಒರೆಯು ಕುದುರೆಯನ್ನು, ಎಂದರೆ ಗುಂಡು ಹಾರಿಸಲು ಎಳೆಯುವ ಕೀಲನ್ನು, ಪೂರ್ತಿ ಮುಚ್ಚಿರಬೇಕೆಂಬುದು ಅವರ ಮುಖ್ಯ ನಿಯಮ. ಎದುರಿನವರು ಅಂಜಬಾರದು, ಆದ್ದರಿಂದ ಮುಚ್ಚಿಡುವುದೇ ಸಭ್ಯತೆ ಎಂಬುದು ಅವರ ವಾದ. ಈ ವಾದವನ್ನೇ ನಾನೂ ಅಂದು ಮುಂದಿಟ್ಟದ್ದು.

ಬಹುಮಾನ ಬಂದ ಸಂತೋಷದಲ್ಲಿ ಅಂದು ರಾತ್ರಿ ಭಾಷಣವನ್ನು ಅಪ್ಪನ ಮುಂದೆ ಇನ್ನೊಮ್ಮೆ ಒಪ್ಪಿಸಿದೆ. ನಮ್ಮ ತಂದೆಯವರು ಓದಿದ್ದು ಏಳನೆಯ ತರಗತಿ. ಸೈನ್ಯದಲ್ಲಿ ಸಿಪಾಯಿಯಾಗಿದ್ದು, ನಿವೃತ್ತರಾದ ಮೇಲೆ ಹನ್ನೆರಡು ವರ್ಷಗಳಿಂದ ಒಂದು ಬ್ಯಾಂಕಿನ ಬಾಗಿಲಲ್ಲಿ ತಮ್ಮ ಜೋಡುನಳಿಗೆ ಕೋವಿ ಹಿಡಿದು ನಿಲ್ಲುತ್ತಿದ್ದಾರೆ. ಊರಿಂದ ಹೋಗುವಾಗ ಕೋವಿ ಕ್ಯಾನ್ವಾಸಿನ ಚೀಲದಲ್ಲಿರುತ್ತದೆ; ಬಾಗಿಲಿಗೆ ಬಂದೊಡನೆ ಭುಜಕ್ಕೇರುತ್ತದೆ. ಮನೆಯಲ್ಲಿ ಅದಕ್ಕೆ ಒಳಕೋಣೆಯ ಬೀರು. ತೋಟಾಗಳು ಬೇರೆಯಾಗಿ ಅಮ್ಮನ ಟ್ರಂಕಿನಲ್ಲಿ, ಬೀಗದೊಳಗೆ. ಈ ಹನ್ನೆರಡು ವರ್ಷಗಳಲ್ಲಿ ಅವರು ಅದನ್ನು ಯಾರ ಮೇಲೂ ಎತ್ತಿದ್ದಿಲ್ಲ.

ಭಾಷಣವನ್ನು ಪೂರ್ತಿ ಕೇಳಿ ಅಪ್ಪ ಒಂದೇ ಮಾತು ಕೇಳಿದರು: “ಅಲ್ಲ ಕಣವ್ವ, ಬಚ್ಚಿಟ್ಟುಕೊಂಡರೆ ಕಳ್ಳನಿಗೆ ಹೆಂಗೆ ಗೊತ್ತಾಗ್ತದೆ? ನನ್ನ ಕೋವಿ ಇರೋದು ಹೊಡೆಯೋದಕ್ಕಲ್ಲ, ಕಾಣೋದಕ್ಕೆ.”

ನಾನು ಬಿಡಲಿಲ್ಲ. “ಯಾರ ಹತ್ತಿರ ಇದೆ, ಯಾರ ಹತ್ತಿರ ಇಲ್ಲ ಅಂತ ಗೊತ್ತಿಲ್ಲದಿದ್ದರೆ ಕಳ್ಳ ಎಲ್ಲರಿಗೂ ಹೆದರುತ್ತಾನಪ್ಪ” ಎಂದೆ. ಇದು ನನ್ನ ಸ್ವಂತ ವಾದವಲ್ಲ. 1998ರಲ್ಲಿ ಜಾನ್ ಲಾಟ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಗ್ರಂಥದಲ್ಲಿ ಇದನ್ನೇ ಅಂಕಿ ಅಂಶಗಳೊಡನೆ ಪ್ರತಿಪಾದಿಸಿದ್ದರು. ಅಪ್ಪ ನಕ್ಕು, “ಕಳ್ಳ ಒಬ್ಬನೇ ಏನು ಹೆದರೋದು?” ಎಂದು ಎದ್ದು ಊಟಕ್ಕೆ ಹೋದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಗ್ರಂಥಾಲಯದಲ್ಲಿ ಓದಿಯೂ, ರಾಜ್ಯಶಾಸ್ತ್ರದ ಮೇಷ್ಟರನ್ನು ಕೇಳಿಯೂ ತಿಳಿದುಕೊಂಡೆ. ಲಾಟ್ ಅವರ ವಾದವನ್ನೂ ಅದಕ್ಕೆ ಸಂಬಂಧಿಸಿದ ಇತರ ಸಂಶೋಧನೆಗಳನ್ನೂ ಪರಿಶೀಲಿಸಿದ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯ ಸಮಿತಿಯು, ಇಂಥ ಕಾನೂನುಗಳಿಂದ ಅಪರಾಧ ಇಳಿಯಿತೆಂದಾಗಲಿ ಏರಿತೆಂದಾಗಲಿ ಹೇಳಲು ಆಧಾರ ಸಾಲದೆಂದು 2004ರಲ್ಲಿ ತೀರ್ಮಾನಿಸಿತು. ಕಳ್ಳ ಹೆದರಿದನೋ ಇಲ್ಲವೋ ಅದು ಹಾಗಿರಲಿ. ಗೊತ್ತಿಲ್ಲವೆಂಬ ಭಯವು ಕಳ್ಳನೊಬ್ಬನಿಗೇ ಮೀಸಲಾಗಿ ಉಳಿಯುವುದಿಲ್ಲವೆಂಬುದು ಮಾತ್ರ ನನಗೆ ಸ್ಪಷ್ಟವಾಯಿತು. ಅದು ಪೋಲೀಸಿನವನಿಗೂ ಅಂಟುತ್ತದೆ, ಮೇಷ್ಟರಿಗೂ ಅಂಟುತ್ತದೆ, ಪಕ್ಕದ ಬೆಂಚಿನವಳಿಗೂ ಅಂಟುತ್ತದೆ.

2016ರ ಜುಲೈ 6ರಂದು ಮಿನೆಸೋಟ ರಾಜ್ಯದಲ್ಲಿ ಫಿಲ್ಯಾಂಡೋ ಕಾಸ್ಟೀಲ್ ಎಂಬ ಕರಿಯ ಯುವಕನ ಕಾರನ್ನು ಪೋಲೀಸಿನವರು ತಡೆದರು. ಆತ ಶಾಲೆಯೊಂದರ ಅಡಿಗೆಮನೆಯಲ್ಲಿ ಕೆಲಸಮಾಡುತ್ತಿದ್ದವನು. ಅವನಲ್ಲಿ ಪಿಸ್ತೂಲಿತ್ತು, ಅದಕ್ಕೆ ಪರವಾನಗಿಯೂ ಇತ್ತು. ತನ್ನಲ್ಲಿ ಆಯುಧವಿದೆಯೆಂದು ಅವನೇ ಶಾಂತವಾಗಿ ತಿಳಿಸಿದನು. ಕೆಲವೇ ಕ್ಷಣಗಳಲ್ಲಿ ಅಧಿಕಾರಿಯು ಅವನನ್ನು ಗುಂಡಿಟ್ಟು ಕೊಂದನು. ಮರುವರ್ಷ ನ್ಯಾಯದರ್ಶಿಗಳ ಮಂಡಲಿ ಅಧಿಕಾರಿಯನ್ನು ನಿರ್ದೋಷಿಯೆಂದಿತು. ಬಟ್ಟೆಯೊಳಗಿನ ಪಿಸ್ತೂಲು ಒಡೆಯನನ್ನು ಕಾಯಲಿಲ್ಲ. ಹಕ್ಕು ಎಲ್ಲರಿಗೂ ಒಂದೇ ಎಂದು ಕಾಗದದಲ್ಲಿದ್ದರೂ, ಅದನ್ನು ಕಂಡ ಕಣ್ಣು ಎಲ್ಲರನ್ನೂ ಒಂದೇ ಸಮನಾಗಿ ಕಾಣುವುದಿಲ್ಲ. ಇದನ್ನು ನಮ್ಮ ಹಳ್ಳಿಗಳಿಂದ ಬಂದವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಕೈಚೀಲದ ಮಾತಾದರೂ ಅಷ್ಟೆ. 2014ರ ಡಿಸೆಂಬರಿನ ಕೊನೆಯಲ್ಲಿ ಐಡಹೊ ರಾಜ್ಯದ ಅಂಗಡಿಯೊಂದರಲ್ಲಿ, ಪಿಸ್ತೂಲಿಡಲೆಂದೇ ವಿಶೇಷವಾಗಿ ಹೊಲಿದಿದ್ದ ಚೀಲಕ್ಕೆ ಎರಡು ವರ್ಷದ ಮಗು ಕೈಹಾಕಿತು. ಗುಂಡು ಹಾರಿ ತಾಯಿ ಅಲ್ಲಿಯೇ ಸತ್ತಳು. ಅವಳಿಗೂ ಪರವಾನಗಿಯಿತ್ತು, ಬಳಕೆಯೂ ಇತ್ತು. ಮಡಿಲಲ್ಲಿ ಕೆಂಡ ಕಟ್ಟಿಕೊಂಡವರು ಅದು ಕೆಂಡವೆಂಬುದನ್ನು ಒಂದು ಗಳಿಗೆಯೂ ಮರೆಯುವಂತಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಸಾಮಾನು ಕೊಳ್ಳುವ ತಾಯಿಗೆ ಹಾಗೆ ಮರೆಯದಿರಲು ಸಾಧ್ಯವೆ?

ವಿದ್ಯಾರ್ಥಿಗಳಾದ ನಮಗೆ ಹೆಚ್ಚು ಹತ್ತಿರವಾದುದು ಟೆಕ್ಸಾಸಿನ ಸಂಗತಿ. 1966ರ ಆಗಸ್ಟ್ 1ರಂದು ಆಸ್ಟಿನ್ ನಗರದ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯೊಬ್ಬನು ಗೋಪುರವನ್ನೇರಿ ಕೆಳಗಿದ್ದವರ ಮೇಲೆ ಗುಂಡಿನ ಮಳೆಗರೆದು ಹತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದನು. ಅಂದು ಕೆಲವು ನಾಗರಿಕರು ತಮ್ಮ ಬಂದೂಕುಗಳನ್ನು ತಂದು ಗೋಪುರದತ್ತ ಹಾರಿಸಿದರೆಂಬುದೂ ನಿಜ. ಸರಿಯಾಗಿ ಐವತ್ತು ವರ್ಷಗಳಾದ ಮೇಲೆ, 2016ರ ಆಗಸ್ಟ್ 1ರಂದು, ಲೈಸೆನ್ಸುಳ್ಳವರು ಪಿಸ್ತೂಲನ್ನು ಮರೆಮಾಡಿಕೊಂಡು ಅಲ್ಲಿನ ಸರಕಾರಿ ವಿಶ್ವವಿದ್ಯಾನಿಲಯಗಳ ಕಟ್ಟಡಗಳೊಳಗೆ ಬರಬಹುದೆಂಬ ಕಾನೂನು ಜಾರಿಗೆ ಬಂದಿತು. ಕಾಣುವಂತೆ ತರಕೂಡದು, ಕಾಣದಂತೆ ತರಬಹುದು! ಆಸ್ಟಿನ್ನಿನ ಮೂವರು ಪ್ರಾಧ್ಯಾಪಕಿಯರು ನ್ಯಾಯಾಲಯಕ್ಕೆ ಹೋದರು. ಯಾರ ಬಳಿ ಪಿಸ್ತೂಲಿದೆಯೋ ತಿಳಿಯದ ತರಗತಿಯಲ್ಲಿ ವಿವಾದದ ವಿಷಯಗಳನ್ನು ಮುಕ್ತವಾಗಿ ಚರ್ಚಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಅವರ ಭಯ ಊಹೆಯದೆಂದು 2018ರಲ್ಲಿ ಮೇಲಿನ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು.

ಅದು ಊಹೆಯೇ ಇರಬಹುದು. ಆದರೆ ತರಗತಿಯೆಂಬುದು ನಿಂತಿರುವುದೇ ಇಂಥ ಕಣ್ಣಿಗೆ ಕಾಣದ ನಂಬಿಕೆಯ ಮೇಲಲ್ಲವೆ? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಮೇಷ್ಟರ ಮುಂದೆ ಎದ್ದುನಿಂತು “ನಾನು ಒಪ್ಪುವುದಿಲ್ಲ ಸಾರ್” ಎಂದವಳೂ ನಾನೇ ಮೊದಲು. ಎರಡನೆಯ ವರ್ಷದಲ್ಲಿ ಮೀಸಲಾತಿಯ ವಿಷಯ ಬಂದಾಗ ಒಬ್ಬ ಸಹಪಾಠಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಅವನು ಪುಸ್ತಕವನ್ನು ಬೆಂಚಿನ ಮೇಲೆ ಕುಕ್ಕಿ ಹೊರಗೆ ನಡೆದನು. ನಾನೂ ಆಡಬಾರದ ಒಂದು ಮಾತು ಆಡಿದ್ದೆ. ವಾರದ ಮೇಲೆ ಅವನೇ ಬಂದು, “ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ, ಇನ್ನರ್ಧಕ್ಕೆ ಉತ್ತರ ತಂದಿದ್ದೇನೆ” ಎಂದನು. ಇಂದಿಗೂ ನಾವು ನೋಟ್ಸು ಹಂಚಿಕೊಳ್ಳುತ್ತೇವೆ. ಅಂದು ಅವನ ಹೊರಬಿಟ್ಟ ಅಂಗಿಯ ಕೆಳಗೆ ಏನಿದೆಯೋ ಎಂಬ ಅನುಮಾನ ನನಗಿದ್ದಿದ್ದರೆ ನಾನು ಬಾಯಿ ತೆರೆಯುತ್ತಿದ್ದೆನೆ? ನನ್ನ ಚೀಲದ ಬಗೆಗೆ ಅವನಿಗೆ ಅದೇ ಅನುಮಾನವಿದ್ದಿದ್ದರೆ ಅವನು ಹಿಂತಿರುಗಿ ಬರುತ್ತಿದ್ದನೆ? ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂಬ ಗಾದೆ ನಮ್ಮಲ್ಲಿದೆ. ಸಿಟ್ಟು ಬಾರದ ತರಗತಿಯಿಲ್ಲ, ಬರಲೂಬೇಕು. ಆದರೆ ಅದು ಇಳಿಯುವುದಕ್ಕೆ ಒಂದು ವಾರ ಬೇಕು. ಪಿಸ್ತೂಲು ಒಂದು ವಾರ ಕಾಯುವ ವಸ್ತುವಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನಾನೇ ಎತ್ತಬೇಕು. ನಮ್ಮ ದೇಶದ 2016ರ ಆಯುಧ ನಿಯಮಗಳೂ, ಲೈಸೆನ್ಸುದಾರನು ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಪೂರ್ತಿ ಮುಚ್ಚಿಯೇ ಒಯ್ಯಬೇಕೆನ್ನುತ್ತವೆ. ಹಾಗಾದರೆ ವ್ಯತ್ಯಾಸವೇನು? ನನಗೆ ತೋರುವಂತೆ, ಇಲ್ಲಿ ಅದು ಕಣ್ಣಿಗೆ ಮರೆಯಾಗಿದ್ದರೂ ಸಮಾಜಕ್ಕೆ ಮರೆಯಾಗಿಲ್ಲ. 1959ರ ಆಯುಧ ಶಾಸನದಂತೆ ಲೈಸೆನ್ಸು ಬೇಕಾದವನು ಅರ್ಜಿಕೊಟ್ಟು ಕಾರಣ ಹೇಳಬೇಕು, ಪೋಲೀಸಿನವರ ವರದಿಯಾಗಬೇಕು. ಚುನಾವಣೆ ಬಂದರೆ ಆಯುಧವನ್ನು ಠಾಣೆಯಲ್ಲಿ ಠೇವಣಿಯಿಡುವ ಪದ್ಧತಿಯಿದೆ. ಅಪ್ಪನ ಕೋವಿ ಚೀಲದಲ್ಲಿದ್ದರೂ ಅದು ಯಾರದು, ಏತಕ್ಕೆಂಬುದು ಊರಿಗೆಲ್ಲ ಗೊತ್ತು. ಕೊಡಗಿನವರ ಮಾತೂ ಹೀಗೆಯೆ. ಬ್ರಿಟಿಷರ ಕಾಲದಿಂದ ಕೋವಿ ಲೈಸೆನ್ಸಿನ ವಿನಾಯಿತಿ ಪಡೆದ ಅವರು ಪೀಚೆಕತ್ತಿಯನ್ನು ಸೊಂಟದ ಮುಂದೆ ಎಲ್ಲರಿಗೂ ಕಾಣುವಂತೆ ಸಿಕ್ಕಿಸುತ್ತಾರೆ. ಕೈಲ್ ಮುಹೂರ್ತದಂದು ಕೋವಿಗೆ ತೋಕ್ ಪೂ ಇಟ್ಟು ಮನೆಮಂದಿಯೆಲ್ಲ ಪೂಜಿಸುತ್ತಾರೆ. ಆ ಆಯುಧಕ್ಕೆ ಮನೆಯ ಹಿರಿಯರ ಕಣ್ಣಿದೆ.

ಅಮೆರಿಕದವರೂ ಒಂದು ಕಾಲದಲ್ಲಿ ಹೀಗೆಯೇ ಯೋಚಿಸಿದ್ದರು. ಮರೆಮಾಡಿದ ಆಯುಧವನ್ನು ನಿಷೇಧಿಸುವ ಕಾನೂನುಗಳನ್ನು ಕೆಂಟಕಿ ಮತ್ತು ಲೂಸಿಯಾನ ರಾಜ್ಯಗಳು 1813ರಷ್ಟು ಹಿಂದೆಯೇ ಮಾಡಿದ್ದುವು. ಎದುರಿಗೆ ಕಾಣುವಂತೆ ಕಟ್ಟಿಕೊಂಡವನು ನೇರ ಮನುಷ್ಯ, ಬಚ್ಚಿಟ್ಟುಕೊಂಡವನು ಹೊಂಚುಗಾರ ಎಂಬ ಭಾವನೆ ಅಂದು ಬಲವಾಗಿತ್ತು. ಇಂದು ಅದೇ ನಾಡಿನಲ್ಲಿ ಬಚ್ಚಿಡುವುದೇ ಸಭ್ಯತೆಯೆನಿಸಿದೆ. ಹಳಬರು ಅಷ್ಟು ದಡ್ಡರಾಗಿರಲಿಲ್ಲವೆಂದು ನನ್ನ ಎಣಿಕೆ.

ಹಾಗಾದರೆ ದೀಪವಿಲ್ಲದ ಆ ಎರಡು ಕಿಲೋಮೀಟರಿಗೆ ಏನು ಪರಿಹಾರವೆಂದು ಗೆಳತಿಯರು ಕೇಳಬಹುದು. ಕೇಳಲೇಬೇಕು. ನಮ್ಮೂರಿನ ಆರು ಮಂದಿ ಹುಡುಗಿಯರು ಈಗ ಒಟ್ಟಿಗೆ ನಡೆಯುತ್ತೇವೆ. ಒಬ್ಬಳ ಬಸ್ಸು ತಪ್ಪಿದರೆ ಉಳಿದವರು ನಿಲ್ದಾಣದಲ್ಲಿ ಕಾಯುತ್ತೇವೆ. ದೀಪಕ್ಕಾಗಿ ಪಂಚಾಯಿತಿಗೆ ಎರಡು ಅರ್ಜಿ ಕೊಟ್ಟಿದ್ದೇವೆ. ಕಂಬ ಬಂದಿದೆ, ಬೆಳಕು ಇನ್ನೂ ಬಂದಿಲ್ಲ. ಮೂರನೆಯ ಅರ್ಜಿಯನ್ನು ಈ ಲೇಖನದ ಜೊತೆಯಲ್ಲಿಯೇ ಬರೆದಿದ್ದೇನೆ. ಇದು ಪಿಸ್ತೂಲಿನಷ್ಟು ಬೇಗ ಕೆಲಸಮಾಡುವ ಉಪಾಯವಲ್ಲವೆಂಬುದನ್ನು ಬಲ್ಲೆ. ಭಯ ಪೂರ್ತಿ ಹೋಗಿದೆಯೆಂದೂ ಹೇಳಲಾರೆ. ಆದರೆ ನಾನು ಬಯಸುವುದು ನನ್ನ ಭಯವನ್ನು ಇನ್ನೊಬ್ಬರಿಗೆ ಹಂಚುವುದನ್ನಲ್ಲ, ದಾರಿಗೆ ಬೆಳಕಾಗುವುದನ್ನು.

ಇದು ನನ್ನ ಅಲ್ಪಮತಿಗೆ ತೋರಿದ ವಿಚಾರ. ಅಂದು ಚಪ್ಪಾಳೆ ತಟ್ಟಿದವರು ಇಂದು ಭಿನ್ನಾಭಿಪ್ರಾಯಪಟ್ಟರೆ ನನಗೆ ಸಂತೋಷವೇ. ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಬರೆಯಲಿ. ನಾನು ಎಲ್ಲಿದ್ದರೂ ತರಿಸಿ ಓದುತ್ತೇನೆ.