“ವರದಕ್ಷಿಣೆ ಬೇಡ, ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡಿ!”

ಹೆಣ್ಣು ಹೆತ್ತವರಲ್ಲಿ, ಗಂಡು ಹೆತ್ತವರಲ್ಲಿ ಒಂದು ಮನವಿ



ಈ ಮಾತನ್ನು ನೀವೂ ಕೇಳಿದ್ದೀರಿ. ಆಡಿಯೂ ಇರಬಹುದು. ಕೇಳುವುದಕ್ಕೆ ದೊಡ್ಡ ಮನಸ್ಸಿನ ಮಾತೇ. ಆದರೆ ಹೆಣ್ಣಿನ ಅಪ್ಪನಿಗೆ ಇದರ ಅರ್ಥ ಗೊತ್ತು: ದೊಡ್ಡ ಛತ್ರ, ಹಿಂದಿನ ರಾತ್ರಿ ರಿಸೆಪ್ಷನ್, ವರೋಪಚಾರ, ಗಂಡಿನ ಕಡೆಯವರಿಗೆ ಬಸ್ಸು, ಬಂದವರಿಗೆಲ್ಲ ತಾಂಬೂಲದ ಚೀಲ. ಈಗ ಮೆಹೆಂದಿ, ಹಳದಿ, ಡ್ರೋನ್ ಕ್ಯಾಮೆರಾವೂ ಸೇರಿವೆ.

ವರದಕ್ಷಿಣೆ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು ಎಂದು 1961ರಲ್ಲೇ ಕಾಯ್ದೆ ಬಂತು. ನಾವು ಜಾಣರು. ಮುಂಬಾಗಿಲಲ್ಲಿ ತಡೆದದ್ದನ್ನು ಛತ್ರದ ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಂಡೆವು.

ಲೆಕ್ಕ ಹಾಕಿ ನೋಡಿ. ಮದುವೆಗೆಂದು 5 ಲಕ್ಷ ಕೈಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದುಕೊಳ್ಳಿ. ತಿಂಗಳಿಗೆ 15,000, ವರ್ಷಕ್ಕೆ 1.80 ಲಕ್ಷ ಬರೀ ಬಡ್ಡಿ. ಮೂರು ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯ ದುಡ್ಡು ಬಡ್ಡಿಗೇ ಹೋಯಿತು. ಅಸಲು ಕೂತಲ್ಲೇ ಕೂತಿದೆ. ಹೊಲ ಅಡವು, ತಮ್ಮನ ಓದು ಅರ್ಧಕ್ಕೆ. ತವರಿಗೆ ಬಂದ ಮಗಳು ಇದನ್ನೆಲ್ಲ ನೋಡುತ್ತಾಳೆ. ಗಂಡನ ಮನೆಯಲ್ಲಿ ಹಿಂಸೆಯಾದರೂ ಬಾಯಿ ಬಿಡುವುದಿಲ್ಲ. ಅಷ್ಟು ಸಾಲ ಮಾಡಿದ ಅಪ್ಪನ ಮುಂದೆ ಏನೆಂದು ಹೇಳಿಯಾಳು?

“ಜನ ಏನಂತಾರೆ?” ಜನ ಸಾರಿಗೆ ಉಪ್ಪು ಕಡಿಮೆ ಅಂತಾರೆ. ಹಿಂದೆ ಊರವರೇ ಚಪ್ಪರ ಹಾಕಿ, ಮುಯ್ಯಿ ಮಾಡಿ ಭಾರ ಹೊರುತ್ತಿದ್ದರು. ಇಂದು ಉಂಡು ಹೋದವರಲ್ಲಿ ಬಡ್ಡಿ ಕಟ್ಟಲು ಬರುವವರು ಯಾರು?

ಮದುವೆಗೆ ನಿಜಕ್ಕೂ ಬೇಕಾದದ್ದು ಎಷ್ಟು? ಸಪ್ತಪದಿಯ ಪದ್ಧತಿ ಇರುವಲ್ಲಿ ಏಳನೇ ಹೆಜ್ಜೆಗೆ ಮದುವೆ ಪೂರ್ತಿ ಎನ್ನುತ್ತದೆ 1955ರ ಹಿಂದೂ ವಿವಾಹ ಕಾಯ್ದೆ. ಏಳು ಹೆಜ್ಜೆಗೆ ಮನೆಯಂಗಳ ಸಾಲದೆ? 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನದ ನೋಟಿಸು, ಮೂವರು ಸಾಕ್ಷಿಗಳು ಸಾಕು. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದಿಂದ ಸರಳವಾಗಿ ನಡೆಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತಿವೆ. ಆ ಮದುವೆಗಳೇನು ಕಡಿಮೆಯವೇ?

ಮಾತುಕತೆಯ ದಿನವೇ ತೀರ್ಮಾನಿಸಿ:

• ಒಂದೇ ದಿನ, ಒಂದೇ ಊಟ.
• ಖರ್ಚು ಎರಡೂ ಕಡೆಗೆ ಸಮಪಾಲು.
• ಮದುವೆಗಾಗಿ ಸಾಲವಿಲ್ಲ.
• ಉಳಿದ ದುಡ್ಡು ಮಗಳ ಹೆಸರಿನಲ್ಲಿ ಬ್ಯಾಂಕಿಗೆ.

ಗಂಡು ಹೆತ್ತವರೇ, ಮೊದಲ ಮಾತು ನಿಮ್ಮದಾಗಲಿ. ಸರಳ ಮದುವೆ ಸಾಕೆಂದು ಹೆಣ್ಣಿನ ಕಡೆಯವರು ಹೇಳಿದರೆ ಜಿಪುಣರು ಅನ್ನಿಸಿಕೊಳ್ಳುತ್ತಾರೆ. ನೀವು ಹೇಳಿದರೆ ಯಾರೂ ತುಟಿ ಬಿಚ್ಚುವುದಿಲ್ಲ. “ಮಾಡಿಕೊಡಿ” ಎನ್ನುವುದನ್ನು ಬಿಡಿ. “ಸೇರಿ ಮಾಡೋಣ” ಎನ್ನಿ.

ಓದಿದ ಮೇಲೆ ಪಕ್ಕದ ಮನೆಗೆ ಕೊಡಿ.